ಓದದೆ ಬಿಟ್ಟ ಸಾಲುಗಳು

ತರಬೇತಿ ಶಿಬಿರ, ಮಿನಿಸೋಟ
ಆಗಸ್ಟ್ 12, 1955

ಅಕ್ಕ ಒಡೆಸ್ಸಾಗೆ,

ಬದುಕಿದ್ದೇನೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಮುಂದಿನದನ್ನು ಓದುವುದಿಲ್ಲ ಎಂದು ಗೊತ್ತು. ಎಡಗಾಲಿನ ಮಂಡಿ ಬೆಳಿಗ್ಗೆ ಎದ್ದಾಗ ಮಾತು ಕೇಳುವುದಿಲ್ಲ, ಹತ್ತು ಗಂಟೆಯ ಹೊತ್ತಿಗೆ ದಾರಿಗೆ ಬರುತ್ತದೆ. ತರಬೇತುದಾರರು ನೋಡುತ್ತಿರುವಾಗ ಕುಂಟುವುದಿಲ್ಲ. ಏಳು ವರ್ಷ ಫುಟ್‌ಬಾಲ್ ಆಡಿ ನಾನು ಕಲಿತ ದೊಡ್ಡ ವಿದ್ಯೆ ಅದು.

ನಿನ್ನೆ ಕ್ಲೋವಿಸ್‌ನನ್ನು ಮನೆಗೆ ಕಳಿಸಿದರು. ಹೋದ ವಾರದ ಪಂದ್ಯದಲ್ಲಿ ಎರಡು ಸಲ ಚೆಂಡನ್ನು ಗೆರೆ ದಾಟಿಸಿದವನು ಅವನೇ. ಕೆಟ್ಟಿದ್ದು ಅವನ ಕೋಣೆಯ ಜೊತೆಗಾರ ಏಮಸ್‌ನ ಭುಜ. ತಂಡದ ಪಟ್ಟಿಯಿಂದ ಏಮಸ್‌ನ ಹೆಸರು ಹೊಡೆದುಹಾಕಿದರು, ಅದರ ಬೆನ್ನಿಗೇ ಕ್ಲೋವಿಸ್‌ನ ಹೆಸರನ್ನೂ ಹೊಡೆದುಹಾಕಿದರು. ಬಿಳಿಯ ಆಟಗಾರ ಕಪ್ಪು ಜನರಾದ ನಮ್ಮವರ ಜೊತೆ ಒಂದೇ ಕೋಣೆಯಲ್ಲಿ ಮಲಗುವುದಿಲ್ಲ, ನಮ್ಮವನಿಗೆ ಒಂಟಿ ಕೋಣೆಯನ್ನು ಕ್ಲಬ್ಬು ಕೊಡುವುದಿಲ್ಲ. ಆದ್ದರಿಂದ ನಾವು ಯಾವಾಗಲೂ ಇಬ್ಬರು, ಇಲ್ಲವೇ ನಾಲ್ವರು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಏಳು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಕ್ಲೋವಿಸ್ ಪೆಟ್ಟಿಗೆ ತುಂಬುತ್ತಾ, "ನಾನೇನ್ ತಪ್ಪು ಮಾಡ್ದೆ ಹೇಳೋ ಎಜೆಲ್" ಎಂದ. "ಏಮಸ್‌ನ ಕಟ್ಕೊಂಡಿದ್ದು" ಎಂದೆ. ನಕ್ಕ. ಆಮೇಲೆ ಮಂಚದ ಮೇಲೆ ಕೂತು ತುಂಬ ಹೊತ್ತು ಎದ್ದೇಳಲಿಲ್ಲ.

ಈಗ ಉಳಿದವರು ನಾನು ಮತ್ತು ಹೋಸಿಯಾ ಲೈಲ್ಸ್. ಅಲಬಾಮದ ಹುಡುಗ, ಇಪ್ಪತ್ಮೂರು ವರ್ಷ. ಚೆಂಡು ಹಿಡಿದು ಓಡುವುದು ಅವನ ಕೆಲಸ, ಮುಂದೆ ನುಗ್ಗಿ ಅಡ್ಡ ಬರುವವರನ್ನು ಕೆಡವಿ ಅವನಿಗೆ ದಾರಿ ಮಾಡುವುದು ನನ್ನದು. ನನ್ನನ್ನು ಎಜೆಲಣ್ಣ ಎನ್ನುತ್ತಾನೆ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ, ಯಾರಿಗೂ ಬಾಯಿ ಬಿಡಬೇಡ: ಅವನಿಗೆ ಓದಲು ಬರುವುದಿಲ್ಲ. ನಾಲ್ಕು ವರ್ಷ ಕಾಲೇಜಿನಲ್ಲಿದ್ದವನು. ಓಡುತ್ತಿದ್ದ, ಅವರು ಪಾಸು ಮಾಡುತ್ತಿದ್ದರು. ಬಸ್ಸಿನಲ್ಲಿ ಪತ್ರಿಕೆ ಬಿಡಿಸಿ ಹಿಡಿದು, ಪಕ್ಕದವನು ಹಾಳೆ ತಿರುಗಿಸಿದಾಗ ತಾನೂ ತಿರುಗಿಸುತ್ತಾನೆ. ಕ್ಲಬ್ಬು ಕೊಟ್ಟಿರುವ ಆಟದ ಪುಸ್ತಕ ದಪ್ಪಗಿದೆ. ನಾನು ಹಾಸಿಗೆಯ ಮೇಲೆ ಸೋಡಾ ಬಾಟಲಿಯ ಮುಚ್ಚಳಗಳನ್ನು ಜೋಡಿಸಿ, ಇದು ನೀನು, ಇದು ನಾನು ಎಂದು ತೋರಿಸುತ್ತೇನೆ. ಒಮ್ಮೆ ಕಂಡದ್ದನ್ನು ಮರೆಯುವುದಿಲ್ಲ. ಅವನ ಮನೆಯಿಂದ ಬರುವ ಕಾಗದ ಓದುವವನೂ ನಾನೇ, ಉತ್ತರ ಬರೆಯುವವನೂ ನಾನೇ.

ನನಗೆ ಮೂವತ್ತೊಂದು ತುಂಬಿತು. ಈ ಮಂಡಿಯನ್ನು ಬೇರೆ ಯಾವ ಕ್ಲಬ್ಬೂ ತೆಗೆದುಕೊಳ್ಳುವುದಿಲ್ಲ. ಸೆಪ್ಟೆಂಬರ್ ಹದಿಮೂರಕ್ಕೆ ಕೊನೆಯ ಪಟ್ಟಿ ಹಾಕುತ್ತಾರೆ. ಅದರಲ್ಲಿ ಹೆಸರಿದ್ದರೆ ಇನ್ನೊಂದು ವರ್ಷ ನಾನು ಆಟಗಾರ. ಇಲ್ಲದಿದ್ದರೆ ಅಪ್ಪ ಸತ್ತ ಅದೇ ಮರ ಕೊಯ್ಯುವ ಮಿಲ್ಲು.

ನಿನ್ನ ತಮ್ಮ,
ಎಜೆಲ್


ಪೈನ್ ಬ್ಲಫ್, ಅರ್ಕಾನ್ಸಾ
ಆಗಸ್ಟ್ 17, 1955

ಎಜೆಲ್,

ಮಂಡಿಗೆ ಬಿಸಿ ಉಪ್ಪಿನ ಕಾವು ಕೊಡು. ಹಟ ಮಾಡುವುದರಲ್ಲಿ ಮಾತ್ರ ನೀನು ಇನ್ನೂ ಎಂಟು ವರ್ಷದವನೇ.

ಮಿಲ್ಲು ಒಂದೇ ಇದೆ ಎನ್ನುವ ಹಾಗೆ ಬರೆದಿದ್ದೀಯ. ನಮ್ಮ ಹೈಸ್ಕೂಲಿನ ಮುಖ್ಯೋಪಾಧ್ಯಾಯರು ಬಟ್ಟೆ ತೆಗೆದುಕೊಂಡು ಹೋಗಲು ಲಾಂಡ್ರಿಗೆ ಬಂದಾಗಲೆಲ್ಲ "ನಿಮ್ಮ ತಮ್ಮ ನಮ್ಮ ಹುಡುಗರಿಗೆ ಆಟ ಹೇಳ್ಕೊಡ್ತಾನಾ?" ಎಂದು ಕೇಳುತ್ತಾರೆ. ಇಸ್ತ್ರಿ ಮಾಡುತ್ತಾ ನಾನು ಏನೋ ಒಂದು ಹೇಳಿ ಸಾಗಹಾಕುತ್ತೇನೆ. ನಿನಗೆ ನಲವತ್ತು ಸಾವಿರ ಜನ ಎದ್ದು ನಿಂತು ಕೂಗಬೇಕು. ನಮ್ಮ ಹೈಸ್ಕೂಲಿನ ಬಯಲಲ್ಲಿ ಅಷ್ಟು ಜನ ಎಲ್ಲಿಂದ ಬರುತ್ತಾರೆ?

ಆ ಹುಡುಗನ ಮಾತನ್ನು ಎರಡು ಸಲ ಓದಿದೆ. ಒಬ್ಬನ ತಾಯಿ ಇನ್ನೊಬ್ಬನ ಬಾಯಿಂದ ಮಾತಾಡಬೇಕಾಗಿರುವುದು ಒಳ್ಳೆಯದಲ್ಲ ಎಜೆಲ್. ನಿನಗೆ ನಾನು ಅಕ್ಷರ ಕಲಿಸಿದ್ದು ಇಸ್ತ್ರಿ ಮೇಜಿನ ಕೆಳಗೆ ಕೂರಿಸಿಕೊಂಡು, ಅಂಗಿಯ ಡಬ್ಬಿಗಳ ಮೇಲಿದ್ದ ಹೆಸರು ಓದಿಸಿ. ನಿನಗೆ ಬಂದ ವಿದ್ಯೆ ಅವನಿಗೆ ಬಾರದೇ? ಮುಚ್ಚಳ ಜೋಡಿಸುವಷ್ಟೇ ಹೊತ್ತು ಸಾಕು.

ಅಕ್ಕ


ಡೆಮೊಪೊಲಿಸ್, ಅಲಬಾಮ
ಆಗಸ್ಟ್ 27, 1955

ಮಗನೇ ಹೋಸಿಯಾ,

ಅಂಜೂರದ ಮುರಬ್ಬದ ಎರಡು ಜಾಡಿ ಪಾರ್ಸೆಲ್ ಮಾಡಿದ್ದೇನೆ. ಒಂದು ನಿನಗೆ, ಒಂದು ನಿನ್ನ ಜೊತೆಗಾರನಿಗೆ. ಎರಡನ್ನೂ ನೀನೇ ತಿನ್ನಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಚರ್ಚಿನ ಸೂರು ಕೊನೆಗೂ ಮುಗಿಯಿತು. ಮೂರು ಶನಿವಾರ ಹೆಂಗಸರೆಲ್ಲ ಸೇರಿ ಮೀನು ಕರಿದು ಮಾರಿದೆವು. ನನ್ನ ಕೂದಲಿನಿಂದ ಮೀನಿನ ವಾಸನೆ ಇನ್ನೂ ಹೋಗಿಲ್ಲ. ಪತ್ರಿಕೆಯಲ್ಲಿ ನಿನ್ನ ಚಿತ್ರ ಬಂದಿತ್ತಂತೆ, ಪಾದ್ರಿಗಳು ಭಾನುವಾರ ಎಲ್ಲರಿಗೂ ಎತ್ತಿ ತೋರಿಸಿದರು. "ಓದಿದ ಹುಡುಗ, ನಮ್ಮ ಬೀದಿಯ ಹುಡುಗ" ಎಂದರು. ನಾನು ತಲೆ ತಗ್ಗಿಸಿ ಕೂತಿದ್ದೆ, ಒಳಗೊಳಗೇ ಉಬ್ಬಿಹೋಗಿದ್ದೆ.

ಒಂದು ವಿಷಯವನ್ನು ಕೊನೆಗೆ ಬರೆಯೋಣವೆಂದು ಉಳಿಸಿಕೊಂಡಿದ್ದೆ. ನಿನ್ನಪ್ಪನಿಗೆ ಹದಿನೈದು ದಿನದಿಂದ ಗಂಟಲಲ್ಲಿ ಊಟ ಇಳಿಯುತ್ತಿಲ್ಲ, ನೀರನ್ನೂ ಚಮಚೆಯಲ್ಲಿ ಕುಡಿಸುತ್ತಿದ್ದೇನೆ. ಡಾಕ್ಟರು ಹೊರಗೆ ಕರೆದು, ತಿಂಗಳು ದಾಟುವುದಿಲ್ಲ ಎಂದರು. ಹುಡುಗನ ಆಟ ಕೆಡಿಸಬೇಡ ಎಂದು ಇವರೇ ನನ್ನನ್ನು ತಡೆದಿದ್ದರು. ನಿನ್ನೆ ಮಾತ್ರ, "ಹುಡುಗ ಯಾವಾಗ ಬರ್ತಾನೆ?" ಎಂದು ಕೇಳಿದರು. ಎರಡು ದಿನದ ಮಟ್ಟಿಗೆ ಬಂದು ಮುಖ ತೋರಿಸಿ ಹೋಗು ಮಗನೇ.

ನಿನ್ನ ತಾಯಿ,
ಲುಜೀನಿಯಾ


ಮಿನಿಸೋಟ
ಸೆಪ್ಟೆಂಬರ್ 1, 1955

ಪ್ರೀತಿಯ ಅಮ್ಮ,

ಕಾಗದವೂ ಬಂತು, ಮುರಬ್ಬವೂ ಬಂತು. ನಾನು ಎಜೆಲಣ್ಣನಿಗೆ ಅವನ ಜಾಡಿ ಕೊಟ್ಟೆ, ನಂಬು. ಅವನೇ ಅರ್ಧ ವಾಪಸು ಕೊಟ್ಟ.

ಸೂರು ಮುಗಿದದ್ದು ಕೇಳಿ ಸಂತೋಷವಾಯಿತು. ಇನ್ನು ಮಳೆಗಾಲದಲ್ಲಿ ಹಾಡುವವರ ತಲೆಯ ಮೇಲೆ ನೀರು ಬೀಳುವುದಿಲ್ಲ. ಪಾದ್ರಿಗಳು ಚಿತ್ರ ತೋರಿಸಿದ್ದಕ್ಕೆ ನನಗೆ ನಾಚಿಕೆಯಾಯಿತು ಎಂದು ಹೇಳು, ಆದರೆ ಮತ್ತೆ ತೋರಿಸುವುದಾದರೆ ಬೇಡ ಎನ್ನಬೇಡ.

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಡಿಸೆಂಬರಿನಲ್ಲಿ ಬಂದ ಮರುದಿನವೇ ಅವರೂ ನಾನೂ ನದಿಗೆ ಮೀನು ಹಿಡಿಯಲು ಹೋಗುತ್ತೇವೆ. ದೋಣಿಗೆ ಈಗಲೇ ಡಾಂಬರು ಬಳಿದಿಡಲು ಹೇಳು, ಹೋದ ವರ್ಷದ ಹಾಗೆ ನಾನು ಪೂರ್ತಿ ಹೊತ್ತು ನೀರು ತೋಡುತ್ತಾ ಕೂರುವುದಿಲ್ಲ.

ನಿನ್ನ ಮಗ,
ಹೋಸಿಯಾ


ಮಿನಿಸೋಟ
ಸೆಪ್ಟೆಂಬರ್ 4, 1955

ಅಕ್ಕ,

ಇದನ್ನು ಓದಿ ಹರಿದುಹಾಕು.

ಗುರುವಾರ ಮಧ್ಯಾಹ್ನ ಎರಡು ಅಭ್ಯಾಸಗಳ ನಡುವೆ ಹೋಸಿಯಾ ಕಾಗದ ತಂದು ಕೊಟ್ಟ. ಹಾಸಿಗೆಯ ಮೇಲೆ ಮಲಗಿ ಕಾಲನ್ನು ಗೋಡೆಗೆ ಚಾಚಿ, "ಶುರು ಮಾಡು ಎಜೆಲಣ್ಣ, ಬೈಗುಳ ಬಂದ್ರೆ ಮೆಲ್ಲಗೆ ಓದು" ಎಂದ. ಮುರಬ್ಬ ಓದಿದೆ, ಚರ್ಚು ಓದಿದೆ, ಪಾದ್ರಿಗಳ ಮಾತು ಓದಿದೆ, ನಕ್ಕ. ಓದುವಾಗ ಕಣ್ಣು ಬಾಯಿಗಿಂತ ಎರಡು ಸಾಲು ಮುಂದಿರುತ್ತದೆ, ನಿನಗೆ ಗೊತ್ತಲ್ಲ. ಅವನ ಅಪ್ಪ ಸಾಯುತ್ತಿದ್ದಾರೆ. ಎರಡು ದಿನಕ್ಕಾದರೂ ಬಾ ಎಂದು ತಾಯಿ ಬರೆದಿದ್ದಾಳೆ.

ಅಲ್ಲಿ ನನ್ನ ಬಾಯಿ ನಿಂತಿತು.

"ಅಷ್ಟೇನಾ?" ಎಂದ. "ಅಷ್ಟೇ. ನಿನ್ನ ತಾಯಿ ಲುಜೀನಿಯಾ" ಎಂದೆ. "ಅಪ್ಪನ ಸುದ್ದಿ ಏನೂ ಇಲ್ವಾ?" "ಚೆನ್ನಾಗಿದಾರಂತೆ." ಅವನು ಜಾಡಿಗೆ ಬೆರಳು ಹಾಕಿ ನೆಕ್ಕುತ್ತಾ ಉತ್ತರ ಹೇಳತೊಡಗಿದ. ದೋಣಿಗೆ ಡಾಂಬರು ಬಳಿಯಲು ಹೇಳು ಎಂದ. ಬರೆದೆ ಅಕ್ಕ. ಒಂದು ಅಕ್ಷರವೂ ಬಿಡದೆ ಬರೆದೆ.

ಅವನು ಅಲಬಾಮಕ್ಕೆ ಹೋಗಿ ಬರಲು ಆರು ದಿನ ಬೇಕು. ಅದೂ ಕೊನೆಯ ಪಟ್ಟಿಯ ವಾರ. ಅವನು ಶಿಬಿರ ಬಿಟ್ಟ ದಿನವೇ ನಾನು ಒಂಟಿ. ಕ್ಲೋವಿಸ್‌ನಿಗೆ ಆದದ್ದೇ ನನಗೂ ಆಗುತ್ತದೆ, ನನಗಂತೂ ಮಂಡಿಯ ನೆಪವೂ ಸಿದ್ಧವಾಗಿದೆ. ತರಬೇತುದಾರರು ಸೋಮವಾರವೇ "ಟಾಲಿವರ್, ಆ ಕಾಲು ನಿಂದೇನಾ ಅಥವಾ ಸಾಲ ತಂದಿದ್ಯಾ?" ಎಂದು ಕೇಳಿದ್ದಾರೆ. ಹೋಸಿಯಾನಿಗೆ ವಯಸ್ಸಿದೆ, ಇಲ್ಲಿ ಬಿಟ್ಟರೆ ಮುಂದಿನ ವರ್ಷ ಇನ್ನೊಬ್ಬರು ಕರೆಯುತ್ತಾರೆ. ನನ್ನನ್ನು ಯಾರು ಕರೆಯುತ್ತಾರೆ?

ಡಾಕ್ಟರು ತಿಂಗಳು ಎಂದಿದ್ದಾರೆ. ಪಟ್ಟಿಗೆ ಒಂಬತ್ತು ದಿನ. ಹದಿಮೂರರ ಮಧ್ಯಾಹ್ನವೇ ಅವನಿಗೆ ಹೇಳಿ, ಬಸ್ಸು ಹತ್ತಿಸುತ್ತೇನೆ. ಪಟ್ಟಿ ಹಾಕಿದ ಮೇಲೆ ರಜೆ ಕೇಳಿದರೆ ಕೊಡುತ್ತಾರೆ. ನಾನು ಕೇಳುತ್ತಿರುವುದು ಒಂಬತ್ತೇ ದಿನ. ಹೇಳು, ಇದು ಅಷ್ಟು ದೊಡ್ಡ ತಪ್ಪೇ?

ಎಜೆಲ್


ಪೈನ್ ಬ್ಲಫ್
ಸೆಪ್ಟೆಂಬರ್ 8, 1955

ಎಜೆಲ್,

ಈ ಕಾಗದ ಮಡಿಸುವ ಮೊದಲು ಅವನಿಗೆ ಹೇಳು. ಅಭ್ಯಾಸದಲ್ಲಿದ್ದರೆ ಹೋಗಿ ಅಂಗಳದ ಮಧ್ಯದಲ್ಲೇ ಹೇಳು.

ನಾನೇ ಏನಾದರೂ ಮಾಡೋಣವೆಂದು ಇವತ್ತು ಲಾಂಡ್ರಿಯಿಂದ ಅರ್ಧ ದಿನ ಬಿಡಿಸಿಕೊಂಡು ಹೊರಟೆ. ತಂತಿ ಕಳಿಸೋಣವೆಂದು ಕಚೇರಿಯವರೆಗೂ ಹೋದೆ. ಗುಮಾಸ್ತ ಪೆನ್ಸಿಲು ಕೊಟ್ಟಾಗ ಹೊಳೆಯಿತು, ಆ ತಂತಿಯನ್ನು ಹುಡುಗ ಯಾರ ಹತ್ತಿರ ಓದಿಸುತ್ತಾನೆ? ನಿನ್ನ ಹತ್ತಿರವೇ. ಅಲ್ಲಿಂದ ಔಷಧಿ ಅಂಗಡಿಗೆ ಹೋಗಿ ಫೋನು ಮಾಡಿಸಿದೆ. ಯಾರೋ ಎತ್ತಿ, ತಂಡ ಬೇರೆ ಊರಿಗೆ ಆಡಲು ಹೋಗಿದೆ, ಸೋಮವಾರ ಬರುತ್ತದೆ ಎಂದ. "ಹೋಸಿಯಾ ಲೈಲ್ಸ್‌ಗೆ ಅವರ ತಂದೆಗೆ ಹುಷಾರಿಲ್ಲ ಅಂತ ದಯವಿಟ್ಟು ಹೇಳಿ ಸಾರ್" ಎಂದೆ. "ಚೀಟಿ ಬರೆದು ಅವರ ಕೋಣೆಯ ಡಬ್ಬೀಲಿ ಹಾಕ್ತೀನಮ್ಮ" ಎಂದ. ಆ ಡಬ್ಬಿಯೂ ನಿಮ್ಮಿಬ್ಬರದೇ. ಅವನ ತಾಯಿಗೆ ಬರೆಯೋಣವೆಂದರೆ ವಿಳಾಸ ಇರುವುದು ನಿನ್ನ ಕೈಯಲ್ಲಿ. ಎತ್ತ ತಿರುಗಿದರೂ ನೀನೇ ನಿಂತಿದ್ದೀಯ.

ಅಪ್ಪ ಮಿಲ್ಲಿನಲ್ಲಿ ಬಿದ್ದ ದಿನ ನಿನ್ನನ್ನು ಶಾಲೆಯಿಂದ ಕರೆತರಲು ನಾನು ಬರಿಗಾಲಲ್ಲಿ ಓಡಿದ್ದೆ. ನೀನು ಬಂದಾಗ ಅವರಿಗೆ ಇನ್ನೂ ಉಸಿರಿತ್ತು. ಅದನ್ನು ನೀನು ಮರೆತಿರುವುದು ಸಾಧ್ಯವಿಲ್ಲ.

ಒಡೆಸ್ಸಾ


ಮಿನಿಸೋಟ
ಸೆಪ್ಟೆಂಬರ್ 14, 1955

ಅಕ್ಕ,

ಇಬ್ಬರ ಹೆಸರೂ ಪಟ್ಟಿಯಲ್ಲಿದೆ.

ಸೋಮವಾರ ಹೊರಗಿನ ಪಂದ್ಯ ಮುಗಿಸಿ ಬಂದಾಗ ನಿನ್ನ ಕಾಗದ, ಫೋನಿನ ಚೀಟಿ, ಅವನ ಮನೆಯ ತಂತಿ, ಮೂರೂ ಕಾಯುತ್ತಿದ್ದವು. ತಂತಿಯನ್ನು ಮ್ಯಾನೇಜರೇ ಎಲ್ಲರೆದುರು ಓದಿ, ಟೋಪಿ ತೆಗೆದು, "ಬೇಜಾರಾಯ್ತು ಲೈಲ್ಸ್" ಎಂದರು. ಏಳನೇ ತಾರೀಕು ತೀರಿಕೊಂಡಿದ್ದರು. ಭಾನುವಾರ ಮಣ್ಣು ಮಾಡಿಯೂ ಆಗಿತ್ತು.

ಹೋಸಿಯಾ ಕೋಣೆಗೆ ಬಂದು ಬಾಗಿಲು ಮುಚ್ಚಿ, "ಆ ಕಾಗದದಲ್ಲಿ ಏನೂ ಇರ್ಲಿಲ್ವಾ ಎಜೆಲಣ್ಣ?" ಎಂದ.

"ಇರ್ಲಿಲ್ಲ" ಎಂದೆ.

"ನನ್ನ ಆಟ ಕೆಡತ್ತೆ ಅಂತ ಅಮ್ಮ ಮುಚ್ಚಿಟ್ಟಿದಾಳೆ" ಎಂದು ತನಗೆ ತಾನೇ ಹೇಳಿಕೊಂಡು ಅತ್ತ. ನಾನು ಅವನ ಬೆನ್ನು ಸವರಿದೆ. ನನ್ನ ಕೈಯನ್ನು ನಾನೇ ನೋಡಲಾರದೆ ಹೋದೆ. ಹೋಗಿ ಬಾ ಎಂದರೆ, "ಮಣ್ಣಾದ್ಮೇಲೆ ಹೋಗಿ ಯಾರಿಗೆ ಮುಖ ತೋರಿಸ್ಲಿ?" ಎಂದ.

ನಾನು ಬೇಡಿದ್ದು ಸಿಕ್ಕಿದೆ. ಬೈದಾದರೂ ಒಂದು ಸಾಲು ಬರೆ.

ಎಜೆಲ್


ಡೆಮೊಪೊಲಿಸ್
ಸೆಪ್ಟೆಂಬರ್ 19, 1955

ಹೋಸಿಯಾ,

ಎಲ್ಲರೂ ಬಂದಿದ್ದರು. ರೈಲು ಹಳಿಯ ಗ್ಯಾಂಗಿನಲ್ಲಿ ಜೊತೆಗೆ ದುಡಿದವರೇ ಹೊತ್ತರು. ಮುಂದಿನ ಬಲಗಡೆಯ ಜಾಗವನ್ನು ನಿನಗೆಂದು ಬಿಟ್ಟಿದ್ದರು, ಹೊರಡುವ ಹೊತ್ತಿಗೆ ನಿನ್ನ ಸೋದರಮಾವ ಹೆಗಲು ಕೊಟ್ಟ.

ನಾನು ಬೈಯುವುದಕ್ಕೆ ಬರೆಯುತ್ತಿಲ್ಲ. ತಿಳಿದುಕೊಳ್ಳಲು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದಾಗ ಅವರಿಗೆ ಪ್ರಜ್ಞೆ ಇತ್ತು. ಹಾಸಿಗೆಯ ಪಕ್ಕ ಕೂತು ಓದಿದೆ. ಮುರಬ್ಬ ಓದಿದೆ, ಸೂರು ಓದಿದೆ. ಕಣ್ಣು ಮುಚ್ಚಿಕೊಂಡೇ, "ನನ್ನ ಮಾತಿಗೆ ಏನಂದಿದಾನೆ?" ಎಂದು ಕೇಳಿದರು. ದೋಣಿಯ ಮಾತನ್ನು ಓದಲು ನನಗೆ ಬಾಯಿ ಬರಲಿಲ್ಲ. "ಹೊರಟಿದಾನಂತೆ, ದಾರೀಲಿದಾನಂತೆ" ಎಂದು ಸೇರಿಸಿ ಓದಿದೆ. ಆಮೇಲೆ ಎರಡು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದರು.

ಅಪ್ಪನಿಗೆ ಊಟ ಇಳಿಯುತ್ತಿಲ್ಲ ಎಂದು ಓದಿದ ಮೇಲೂ ದೋಣಿಗೆ ಡಾಂಬರು ಬಳಿ ಎಂದು ಬರೆದೆಯಲ್ಲ, ಅದು ಹೇಗೆ ಸಾಧ್ಯವಾಯಿತು ಮಗನೇ? ಅಷ್ಟು ಮಾತ್ರ ಹೇಳು.

ಲುಜೀನಿಯಾ


ಸೆಪ್ಟೆಂಬರ್ 29, 1955

ಅಕ್ಕ,

ನೀನು ಉತ್ತರ ಬರೆದಿಲ್ಲ. ಸರಿ. ನಾನು ಬರೆಯುವುದನ್ನು ನಿಲ್ಲಿಸಿದರೆ ನನಗೆ ತಲೆ ಕೆಡುತ್ತದೆ.

ಹೋದ ಶುಕ್ರವಾರ ಅವನ ತಾಯಿಯ ಕಾಗದ ಬಂತು. ಈ ಸಲ ಎರಡು ಸಾಲು ಬಿಟ್ಟು ಓದಲು ದಾರಿಯೇ ಇರಲಿಲ್ಲ, ಇಡೀ ಕಾಗದ ಅದೇ ಆಗಿತ್ತು. ಬೇರೆ ಏನಾದರೂ ಕಟ್ಟಿ ಓದಬಹುದಿತ್ತು, ಸುಳ್ಳು ಹೇಳುವುದಿಲ್ಲ, ಆ ಯೋಚನೆಯೂ ಬಂತು. ಆದರೆ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದರು ಎಂಬ ಸಾಲು ಕಂಡ ಮೇಲೆ ಅದು ನನ್ನಿಂದಾಗಲಿಲ್ಲ. ಎಲ್ಲವನ್ನೂ ಓದಿದೆ. ಕೊನೆಯ ಪ್ರಶ್ನೆಯನ್ನೂ ಓದಿದೆ.

ಅವನು ಗೋಡೆಯಿಂದ ಕಾಲು ಇಳಿಸಿ ಕೂತ. "ಹಳೇ ಕಾಗದ ಎಲ್ಲಿದೆ?" ಎಂದ. ಪೆಟ್ಟಿಗೆಯ ತಳದಿಂದ ತೆಗೆದು ಕೊಟ್ಟೆ. ಕೈಯಲ್ಲಿ ಹಿಡಿದು ನೋಡಿದ. ಅವನಿಗೆ ಅದರಲ್ಲಿ ಏನು ಕಾಣುತ್ತದೆ?

"ಎಲ್ಲಿ ಬರೆದಿದಾಳೆ, ತೋರ್ಸು."

ತೋರಿಸಿದೆ. ಆ ಸಾಲುಗಳ ಮೇಲೆ ಹೆಬ್ಬೆರಳು ಇಟ್ಟ.

"ಈಗ ಓದು."

ಓದಿದೆ.

"ಪಟ್ಟಿಗೋಸ್ಕರಾನಾ?"

"ಹೂಂ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, ಶೂ ಲೇಸು ಕಟ್ಟಿ ಅಭ್ಯಾಸಕ್ಕೆ ನಡೆದ.

ಅವತ್ತಿನಿಂದ ನನ್ನನ್ನು ಅಣ್ಣ ಎಂದಿಲ್ಲ. ಟಾಲಿವರ್ ಎನ್ನುತ್ತಾನೆ, ಅದೂ ಆಟಕ್ಕೆ ಬೇಕಾದಾಗ. ಬೇರೆ ಕೋಣೆಗೆ ಹೋಗೋಣವೆಂದರೆ ಬೇರೆ ಕೋಣೆ ನಮಗಿಲ್ಲ. ಎರಡು ಮಂಚದ ನಡುವೆ ಒಂದು ಮೊಳ ಜಾಗ. ಅವನು ಹೊರಗೆ ಹೋದರೆ ನನಗೆ ಉಸಿರು ಬರುತ್ತದೆ, ನಾನು ಹೋದರೆ ಅವನಿಗೆ. ನನ್ನನ್ನು ತೆಗೆಸಬೇಕೆಂದು ಅವನು ತಂಡ ಬಿಟ್ಟರೆ ಅವನ ಆಟವೂ ಹೋಯಿತು. ಪಾಪ ಕಳೆಯಲಿ ಎಂದು ನಾನು ಬಿಟ್ಟರೆ ಮರುದಿನ ಅವನನ್ನೂ ಕಳಿಸುತ್ತಾರೆ. ನಾನು ಇರಲೂ ಆರೆ, ಹೋಗಲೂ ಆರೆ.

ಭಾನುವಾರ ಮೊದಲ ಪಂದ್ಯ ಗೆದ್ದೆವು. ನಾನು ಮುಂದೆ ನುಗ್ಗಿದೆ, ಅವನು ನನ್ನ ಬೆನ್ನ ಹಿಂದೆ ಓಡಿದ. ಬೆನ್ನಿಗೆ ಅವನ ಉಸಿರು ಕೇಳುತ್ತದೆ ಅಕ್ಕ. ಜನ ಎದ್ದು ನಿಂತು ಕೂಗಿದರು. ಪತ್ರಿಕೆಯವರು ನಮ್ಮಿಬ್ಬರ ಹೊಂದಾಣಿಕೆಯನ್ನು ಹೊಗಳಿ ಬರೆದಿದ್ದಾರೆ.

ನಿನ್ನೆ ನಾನೇ ಬಾಯಿ ತೆಗೆದೆ. "ನಿಮ್ಮಮ್ಮನಿಗೆ ನಾನು ಬರೀತೀನಿ. ಓದದೆ ಮುಚ್ಚಿಟ್ಟವನು ನಾನು ಅಂತ ಬರೀತೀನಿ" ಎಂದೆ.

"ಬರೆದು? ನಿಮ್ಮ ಮಗನ ಕಾಗದ ನಾನ್ಯಾಕೆ ಓದ್ಬೇಕಿತ್ತು ಅಂತಾನೂ ಬರೀತೀಯಾ?"

ಕೈಗೆತ್ತಿಕೊಂಡಿದ್ದ ಪೆನ್ನನ್ನು ಕೆಳಗಿಟ್ಟೆ.

"ಅಪ್ಪ ನನ್ನ ಡಿಗ್ರಿ ಕಾಗದಕ್ಕೆ ಚೌಕಟ್ಟು ಹಾಕ್ಸಿ ಮಂಚದ ಮೇಲೆ ನೇತಾಕಿದ್ರು. ಹಳಿ ಗ್ಯಾಂಗಿನವರನ್ನ ಕರ್ಕೊಂಡ್ಬಂದು ತೋರಿಸ್ತಿದ್ರು. ಅದರ ಕೆಳಗೇ ಸತ್ತಿದಾರೆ. ಅಮ್ಮನಿಗೆ ಉಳಿದಿರೋದು ಅದೊಂದೇ. ಅದನ್ನೂ ಕಿತ್ಕೊಳ್ಲಾ?"

ಅಂಚೆ ತಡವಾಯಿತು, ಕಾಗದ ಕಳೆದುಹೋಯಿತು ಎನ್ನೋಣವೆಂದರೆ, ಅದು ತಲುಪಿತೆಂದು ನಾನೇ ಮುರಬ್ಬದ ಸಮೇತ ಬರೆದು ಕಳಿಸಿದ್ದೇನೆ. ಸೋಮವಾರ ರಜೆ. ಉತ್ತರ ಬರೆಸುತ್ತೇನೆ, ಪೆನ್ನು ತಗೊಂಡು ಕೂತಿರು ಎಂದಿದ್ದಾನೆ.

ಎಜೆಲ್


ಅಕ್ಟೋಬರ್ 3, 1955

ಅಮ್ಮ,

ನಿನ್ನ ಆಗಸ್ಟಿನ ಕಾಗದವನ್ನು ಬಂದ ದಿನವೇ ಓದಿದೆ. ಪೂರ್ತಿ ಓದಿದೆ. ಅಪ್ಪನಿಗೆ ಊಟ ಇಳಿಯುತ್ತಿಲ್ಲ ಎಂದು ನೀನು ಬರೆದದ್ದನ್ನೂ ಓದಿದೆ, ಬಾ ಎಂದದ್ದನ್ನೂ ಓದಿದೆ.

ಬರಬಹುದಿತ್ತು. ಯಾರೂ ನನ್ನನ್ನು ತಡೆಯಲಿಲ್ಲ. ಹೊರಟರೆ ತಂಡದಲ್ಲಿ ನನ್ನ ಜಾಗ ಹೋಗುತ್ತಿತ್ತು, ಅದಕ್ಕೆ ಬರಲಿಲ್ಲ. ಏನು ಬರೆಯಬೇಕೆಂದು ತೋಚದೆ ದೋಣಿಯ ಮಾತು ಬರೆದೆ.

ನೀನು ಕೇಳಿದ್ದಕ್ಕೆ ಇದೇ ಉತ್ತರ. ಸೋದರಮಾವನಿಗೂ ಹೀಗೇ ಹೇಳು. ಪಾದ್ರಿಗಳು ಕೇಳಿದರೂ ಹೀಗೇ ಹೇಳು.

ಇನ್ನು ನನಗೆ ಕಾಗದ ಬರೆಯಬೇಡ ಅಮ್ಮ. ಡಿಸೆಂಬರಿನಲ್ಲಿ ಬರುತ್ತೇನೆ. ಒಳಗೆ ಸೇರಿಸಿದರೆ, ಹೇಳುವುದನ್ನೆಲ್ಲ ಎದುರಿಗೆ ಕೂರಿಸಿಕೊಂಡು ನಿನ್ನ ಬಾಯಿಂದಲೇ ಹೇಳು.

ನಿನ್ನ ಮಗ,
ಹೋಸಿಯಾ